ಸಂಘ ಕಟ್ಟುವವರಿಗೆ ನಮ್ಮ ನಾಲ್ಕು ಮಾತು

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಮಡಕಶಿರಾ, ರಾಯದುರ್ಗ ಕಡೆಯ ಊರುಗಳಲ್ಲಿ ಒಂದೆರಡು ಹೊಸ ಸಂಘಗಳು ಹುಟ್ಟುತ್ತವೆ. ಬಾವುಟ ಏರುತ್ತದೆ, ಬ್ಯಾನರು ಕಟ್ಟುತ್ತಾರೆ, ಅಧ್ಯಕ್ಷರಿಗೆ ಹಾರ ಬೀಳುತ್ತದೆ, ಮೈಕಿನ ಮುಂದೆ ನಾಲ್ಕಾರು ಮಂದಿ ಆವೇಶದಿಂದ ಮಾತನಾಡುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಆ ಬ್ಯಾನರು ಯಾರದೋ ಅಂಗಳದಲ್ಲಿ ಕಡಲೆಕಾಯಿ ರಾಶಿಗೆ ಹೊದಿಕೆಯಾಗಿರುತ್ತದೆ. (ರಾಯದುರ್ಗದ ಗೆಳೆಯರು ಇದನ್ನು ಶೇಂಗಾ ಎಂದು ಓದಿಕೊಳ್ಳಬೇಕು. ಕಡಲೆಕಾಯಿಯೋ ಶೇಂಗಾವೋ ಎಂಬ ಜಗಳದಲ್ಲೇ ನಮ್ಮ ಒಂದು ಸಭೆ ಮುಗಿದದ್ದುಂಟು.)

ಹೀಗೇಕಾಗುತ್ತದೆ? ನಮ್ಮ ಜನರಲ್ಲಿ ಸೇವಾಮನೋಭಾವವಿಲ್ಲವೆಂದೇ? ಖಂಡಿತ ಅಲ್ಲ. ಬೇಸಿಗೆಯಲ್ಲಿ ಬಸ್ ನಿಲ್ದಾಣದ ಬಳಿ ಅರವಟ್ಟಿಗೆ ಇಡುವವರು ನಮ್ಮವರೇ. ಬಡವರ ಮನೆಯಲ್ಲಿ ಸಾವಾದರೆ ಕೇಳದೆಯೇ ಅಕ್ಕಿ ಬೇಳೆ ಕಳಿಸುವವರೂ ನಮ್ಮವರೇ. ಒಕ್ಕಲುತನದಲ್ಲಿ ಮುಯ್ಯಾಳು ಎಂಬುದು ಇಂದು ನಿನ್ನೆಯದಲ್ಲ. ಕೊಡುವ ಕೈ ನಮ್ಮಲ್ಲಿದೆ. ಕೊಟ್ಟದ್ದನ್ನು ಬರೆದಿಡುವ ಅಭ್ಯಾಸ ಮಾತ್ರ ನಮ್ಮಲ್ಲಿಲ್ಲ. ಸಂಘಗಳು ಸಾಯುವುದು ಹಣವಿಲ್ಲದೆ ಅಲ್ಲ, ಹೆಚ್ಚಾಗಿ ಲೆಕ್ಕವಿಲ್ಲದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ಕೈಸುಟ್ಟುಕೊಂಡು ಹೇಳುತ್ತಿದ್ದೇವೆ.

ಕನ್ನಡ ಮಾಧ್ಯಮದಲ್ಲಿ ಓದಿ ಹೊರಬಂದ ನಾವು ಹತ್ತು ಹನ್ನೆರಡು ಗೆಳೆಯರು 2009ರಲ್ಲಿ ನಮ್ಮ ಊರಿನಲ್ಲಿ ಒಂದು ವಾಚನಾಲಯ ತೆರೆದೆವು. ಗುಡಿಯ ಪಕ್ಕದ ಕೋಣೆಯನ್ನು ಊರ ಹಿರಿಯರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಸುಗ್ಗಿಯ ಸಮಯ ನೋಡಿ ಮನೆಮನೆಗೆ ಹೋಗಿ ಚಂದಾ ಎತ್ತಿದೆವು. ನಮ್ಮಲ್ಲೊಬ್ಬ ಬಹಳ ನಂಬಿಕಸ್ಥ. ಅವನನ್ನೇ ಖಜಾಂಚಿ ಮಾಡಿದೆವು. ಅವನು ಲೆಕ್ಕವನ್ನೆಲ್ಲ ಅಂಗಿಯ ಜೇಬಿನ ಒಂದು ಪುಟ್ಟ ಡೈರಿಯಲ್ಲಿ ಬರೆಯುತ್ತಿದ್ದ. ರಸೀದಿ ಪುಸ್ತಕ ಮಾಡಿಸೋಣವೆಂದು ಒಬ್ಬರು ಅಂದಾಗ ಉಳಿದವರೆಲ್ಲ, 'ನಮ್ಮ ನಮ್ಮಲ್ಲಿ ರಸೀದಿ ಯಾಕಪ್ಪಾ?' ಎಂದು ನಕ್ಕುಬಿಟ್ಟೆವು. ಆ ನಗುವಿಗೆ ನಾವು ತೆತ್ತ ಬೆಲೆ ದೊಡ್ಡದು.

ಎರಡನೆಯ ವರ್ಷ 1,800 ರೂಪಾಯಿಗೆ ಲೆಕ್ಕ ಸಿಗಲಿಲ್ಲ. ಬೀರು ಮಾಡಲು ಬಡಗಿಗೆ ಮುಂಗಡ ಕೊಟ್ಟಿದ್ದೇನೆ ಎಂದು ಖಜಾಂಚಿ ಹೇಳಿದ. ಬಡಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಚೀಟಿ ಚಪಾಟಿ ಏನೂ ಇರಲಿಲ್ಲ. ಯಾರೂ ಎದುರಿಗೆ 'ನೀನು ತಿಂದೆ' ಎನ್ನಲಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಅಂದರು, ಬಾವಿಯ ಹತ್ತಿರ ಅಂದರು. ಆ ಮಾತು ಅವನ ತಾಯಿಯ ಕಿವಿಗೂ ಬಿತ್ತು. ಮರುದಿನ ಅವನು ಡೈರಿಯನ್ನೂ ಕೋಣೆಯ ಬೀಗದ ಕೈಯನ್ನೂ ನಮ್ಮ ಮುಂದಿಟ್ಟು ಹೋದವನು ಮತ್ತೆ ಸಭೆಗೆ ಬರಲಿಲ್ಲ. ಎಂಟು ತಿಂಗಳ ಮೇಲೆ ಯುಗಾದಿಗೆ ಬಡಗಿ ಊರಿಗೆ ಬಂದು, 'ಹೌದು ಸ್ವಾಮಿ, 1,800 ನನ್ನ ಹತ್ತಿರ ಇದೆ, ಮರ ತರಬೇಕು' ಎಂದ. ಅಷ್ಟು ಹೊತ್ತಿಗೆ ವಾಚನಾಲಯದ ಮಾಡು ಸೋರಿ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಡೈರಿಯನ್ನು ಬಿಡಿಸಿ ನೋಡಿದರೆ, ಆ ಎರಡು ವರ್ಷಗಳಲ್ಲಿ ಅವನೇ ಕೈಯಿಂದ ಆರುನೂರು ರೂಪಾಯಿಗಿಂತ ಹೆಚ್ಚು ಹಾಕಿದ್ದ.

ಆದುದರಿಂದ ಲೆಕ್ಕ ಕೇಳುವುದು ಅವಮಾನ ಎಂದು ಯಾರಾದರೂ ಅಂದರೆ ನಾವು ಒಪ್ಪುವುದಿಲ್ಲ. ಲೆಕ್ಕದ ಪುಸ್ತಕವಿರುವುದು ಕಳ್ಳನನ್ನು ಹಿಡಿಯುವುದಕ್ಕೆ ಎಂದು ಜನ ತಿಳಿದಿದ್ದಾರೆ. ಕಳ್ಳನಿಗೆ ಅದರಿಂದ ಅಂಥ ಅಡ್ಡಿಯೇನಿಲ್ಲ, ಅವನು ಸುಳ್ಳು ಲೆಕ್ಕವನ್ನೂ ಬರೆದಾನು. ಆ ಪುಸ್ತಕ ಬೇಕಾಗಿರುವುದು ಪ್ರಾಮಾಣಿಕನ ರಕ್ಷಣೆಗೆ. ನಮ್ಮ ಗೆಳೆಯನಿಗೆ ನಾವು ಮಾಡಿದ ಅನ್ಯಾಯ ಇದೇ: ಅವನನ್ನು ಬರೀ ನಂಬಿದೆವು, ನಂಬಿಕೆಗೆ ಒಂದು ಕಾಗದದ ಆಸರೆ ಕೊಡಲಿಲ್ಲ.

ಇದನ್ನೆಲ್ಲ ಶಾಲೆಯ ಸಂಚಿಕೆಯಲ್ಲಿ ಏಕೆ ಬರೆಯುತ್ತೀರಿ, ಮಕ್ಕಳಿಗೆ ಇದೇನು ತಿಳಿದೀತು ಎಂದು ಪೋಷಕರು ಕೇಳಬಹುದು. ವಿದ್ಯಾರ್ಥಿ ಮಿತ್ರರೇ, ಕಾನೂನಿನ ಕಾಗದಕ್ಕೆ ಸಹಿ ಹಾಕಲು ನಿಮಗಿನ್ನೂ ವಯಸ್ಸಾಗಿಲ್ಲ ನಿಜ. ಆದರೆ ಇನ್ನು ಐದಾರು ವರ್ಷಗಳಲ್ಲಿ ಸಂಘ ಕಟ್ಟುವವರು ನೀವೇ. ಕಟ್ಟಲೇಬೇಕಾದ ಪರಿಸ್ಥಿತಿಯೂ ನಮ್ಮ ಸೀಮೆಯಲ್ಲಿದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ ಹೀಗೆ ಅನಂತಪುರ ಜಿಲ್ಲೆಗೆ ಬಂತು. ಮಡಕಶಿರಾ ಮದರಾಸಿನ ಕಾಲದಿಂದಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು, ಮೂರು ಕಡೆಯೂ ಕನ್ನಡ ಸೀಮೆ ಸುತ್ತುವರಿದಿದ್ದರೂ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಹೇಮಾವತಿಯಲ್ಲಿ, ಅಂದರೆ ನಮ್ಮ ಹೆಂಜೇರಿನಲ್ಲಿ, ನೊಳಂಬರು ಕಟ್ಟಿದ ಗುಡಿಗಳು ಇಂದಿಗೂ ನಿಂತಿವೆ. ಗಡಿಗಳು ಬಂದವು, ಹೋದವು. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಯ ಮನೆಗಳಲ್ಲಿ ಕನ್ನಡ ಉಳಿಯಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅರ್ಜಿಯಲ್ಲಿ ಇಂಗ್ಲಿಷು. ಇದರಲ್ಲಿ ನಮಗೆ ಯಾರ ಮೇಲೂ ದ್ವೇಷವಿಲ್ಲ. ತೆಲುಗು ನಮಗೆ ಪರಭಾಷೆ ಎನಿಸಿದ್ದೇ ಇಲ್ಲ, ಅದು ನೆರೆಮನೆಯ ಚಿಕ್ಕಮ್ಮನ ಮಾತು. ಆದರೆ ಎರಡು ರಾಜ್ಯಗಳ ನಡುವೆ ಇರುವವರ ಕಷ್ಟವೇ ಬೇರೆ. ಇಲ್ಲಿಯ ಕಚೇರಿಗೆ ನಾವು ಅಲ್ಪಸಂಖ್ಯಾತರು, ಅಲ್ಲಿಯ ಕಚೇರಿಗೆ ಹೊರರಾಜ್ಯದವರು. ಎರಡೂ ಕಡೆ ನಮಗೆ ಸಲ್ಲಬೇಕಾದದ್ದು ಕಾಗದದ ಮೇಲೆ ಇದೆ. ಅದನ್ನು ಕೇಳಿ ಪಡೆಯುವವರು ಬೇಕು. ಒಂಟಿಯಾಗಿ ಕೇಳಿದರೆ 'ನಾಳೆ ಬಾ' ಎನ್ನುತ್ತಾರೆ. ಇಂಥ ಕಡೆ ಸಂಘವೆಂಬುದು ಶೋಕಿಯಲ್ಲ.

ಒಂದು ಉದಾಹರಣೆ ಹೇಳುತ್ತೇವೆ. ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದ ನಿಯಮಗಳಲ್ಲಿ 'ಗಡಿನಾಡು ಕನ್ನಡಿಗ' ಎಂಬ ಒಂದು ವರ್ಗವಿದೆ. ಕಾಸರಗೋಡು, ಅಕ್ಕಲಕೋಟೆ, ಜತ್ತ, ತಾಳವಾಡಿ ಮುಂತಾದ ಕಡೆಗಳ ಜೊತೆ ಆಂಧ್ರದ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾಗಳ ಹೆಸರೂ ಅದರಲ್ಲಿದೆ. ತಾಯಿನುಡಿ ಕನ್ನಡ, ತುಳು ಅಥವಾ ಕೊಡವವಾಗಿರುವ ಈ ಊರುಗಳ ಮಕ್ಕಳು ಅದರಡಿ ಅರ್ಜಿ ಹಾಕಬಹುದು. ಅವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ನಮ್ಮ ಮಗುವಿಗೆ ಆ ಪರೀಕ್ಷೆ ನೀರು ಕುಡಿದಷ್ಟು ಸುಲಭ. ಆದರೆ ಇಂಥದೊಂದು ದಾರಿ ಇದೆ ಎಂಬುದೇ ನಮ್ಮ ಎಷ್ಟು ಮನೆಗಳಿಗೆ ಗೊತ್ತಿದೆ?

ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಊರಿನ ಹುಡುಗಿಯೊಬ್ಬಳು ಒಳ್ಳೆಯ ಅಂಕ ಪಡೆದಿದ್ದಳು. ತಂದೆ ಕೂಲಿ ಕೆಲಸದವರು. ಯಾರೋ ಹೇಳಿದರೆಂದು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಹೋದರು. ವ್ಯಾಸಂಗ ಪ್ರಮಾಣಪತ್ರ ಇಂಥ ನಮೂನೆಯಲ್ಲೇ ಬೇಕು, ವಾಸದ ಪತ್ರಕ್ಕೆ ತಹಶೀಲ್ದಾರರ ಸಹಿ ಬೇಕು ಎಂದರು. ಹಿಂದಿರುಗಿ ಬಂದು ಇವೆಲ್ಲ ಮಾಡಿಸಿಕೊಳ್ಳುವಷ್ಟರಲ್ಲಿ ಕೊನೆಯ ದಿನಾಂಕ ದಾಟಿಹೋಗಿತ್ತು. ಆ ಹುಡುಗಿ ಈಗ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ. ಆ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಅವಳು ಅದನ್ನು ಆರಿಸಿಕೊಳ್ಳಲಿಲ್ಲ, ಎರಡು ಕಾಗದಗಳು ಅವಳ ಪಾಲಿಗೆ ಆರಿಸಿಬಿಟ್ಟವು.

ನಾವು ಎರಡನೆಯ ಸಲ ಸಂಘ ಕಟ್ಟಿದ್ದು ಅವಳ ಸುದ್ದಿ ಕೇಳಿದ ಮೇಲೆ. ಈ ಸಲ ವಾಚನಾಲಯ, ನಾಟಕ, ಕ್ರೀಡೆ, ಸನ್ಮಾನ ಎಂದು ಉದ್ದೇಶಗಳ ಪಟ್ಟಿ ಬೆಳೆಸಲಿಲ್ಲ. ಎರಡೇ ಕೆಲಸ. ಒಂದು, ಪರೀಕ್ಷೆ ಮುಗಿಸಿದ ಮಕ್ಕಳ ಪಠ್ಯಪುಸ್ತಕಗಳನ್ನು ಕೂಡಿಸಿ ಕೆಳತರಗತಿಯಿಂದ ಬರುವವರಿಗೆ ಕೊಡುವುದು. ಕನ್ನಡದ ಪುಸ್ತಕಗಳು ಎಲ್ಲರಿಗಿಂತ ತಡವಾಗಿ ಕೈಸೇರಿದ ವರ್ಷಗಳನ್ನು ನಾವು ಕಂಡವರು. ಎರಡು, ಬೇಸಿಗೆಯಲ್ಲಿ ಅರ್ಜಿ, ಪ್ರಮಾಣಪತ್ರಗಳ ವಿಷಯದಲ್ಲಿ ನೆರವಾಗುವುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಕೈಪಿಡಿಯನ್ನು ತಂದು ಓದಿಯೇ ಹೇಳುತ್ತೇವೆ, ನೆನಪಿನಿಂದ ಹೇಳುವುದಿಲ್ಲ.

ಮೊದಲ ಎರಡು ವರ್ಷ ನಾವು ಸಂಘವನ್ನು ನೋಂದಾಯಿಸಲೇ ಇಲ್ಲ. ಇದು ತಪ್ಪೆಂದು ಕೆಲವರು ವಾದಿಸಿದರು. ನಮಗೆ ಈಗಲೂ ಸರಿಯೆಂದೇ ತೋರುತ್ತದೆ. ಹುಡುಗ ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು. ಕೆಲಸ ಮಾಡಿ ನೋಡಬೇಕು, ಯಾರು ಬಿಸಿಲಲ್ಲಿ ನಿಲ್ಲುತ್ತಾರೆ, ಯಾರು ಫೋಟೋದಲ್ಲಿ ಮಾತ್ರ ನಿಲ್ಲುತ್ತಾರೆ ಎಂಬುದು ತಿಳಿಯಬೇಕು. ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಉಳಿದೆವು. ಆಮೇಲೆ ಕಚೇರಿಗೆ ಹೋದೆವು.

ನಮ್ಮ ರಾಜ್ಯದಲ್ಲಿ ಈಗ ನಡೆಯುವುದು 2001ರ ಆಂಧ್ರಪ್ರದೇಶ ಸಂಘಗಳ ನೋಂದಣಿ ಕಾಯಿದೆ. ಗಡಿಯಾಚೆ ಪಾವಗಡದಲ್ಲಿ ಸಂಘ ಕಟ್ಟಿದರೆ 1960ರ ಕರ್ನಾಟಕದ ಕಾಯಿದೆ. ಎರಡಕ್ಕೂ ಮೂಲ ಬ್ರಿಟಿಷರ ಕಾಲದ 1860ರ ಕಾಯಿದೆಯೇ ಎನ್ನಬಹುದು. ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಉದ್ದೇಶಗಳನ್ನು ಹೇಳುವ ಒಂದು ಪತ್ರ, ಸಂಘ ಹೇಗೆ ನಡೆಯಬೇಕೆಂಬ ಉಪನಿಯಮಗಳ ಇನ್ನೊಂದು ಪತ್ರ, ಇವೆರಡನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇಲ್ಲಿ ಬಹುಪಾಲು ಸಂಘಗಳು ಮಾಡುವ ತಪ್ಪೆಂದರೆ, ಕಚೇರಿಯ ಬಳಿ ಕುಳಿತಿರುವ ಬರಹಗಾರರಿಂದ ಯಾವುದೋ ಸಂಘದ ನಿಯಮಗಳ ನಕಲನ್ನು ಹೆಸರು ಬದಲಿಸಿ ಬರೆಸಿಕೊಂಡು ಬರುವುದು. ಏಳು ಮಂದಿ ಸಹಿ ಹಾಕುತ್ತಾರೆ, ಒಬ್ಬರೂ ಓದಿರುವುದಿಲ್ಲ. ನಾವು ಉಪನಿಯಮಗಳನ್ನು ಮೊದಲು ಕನ್ನಡದಲ್ಲಿ ಬರೆದೆವು. ನಾಲ್ಕು ಭಾನುವಾರ ಕುಳಿತು ಸಾಲು ಸಾಲಿಗೂ ಜಗಳವಾಡಿದೆವು. ಆಮೇಲೆ ತೆಲುಗು, ಇಂಗ್ಲಿಷು ಬಲ್ಲ ಮೇಷ್ಟ್ರೊಬ್ಬರ ಕೈಯಲ್ಲಿ ಕಚೇರಿಗೆ ಬೇಕಾದಂತೆ ಮಾಡಿಸಿದೆವು.

ಜಗಳದ ವಿಷಯಗಳು ಸ್ವಾರಸ್ಯವಾಗಿದ್ದವು. ಅಧ್ಯಕ್ಷರು ಎಷ್ಟು ವರ್ಷ ಇರಬೇಕು? ಎರಡು ವರ್ಷ, ಆಮೇಲೆ ಬೇರೆಯವರು. ಬ್ಯಾಂಕಿನಿಂದ ಹಣ ತೆಗೆಯಲು ಎಷ್ಟು ಸಹಿ? ಎರಡು, ಆ ಇಬ್ಬರೂ ಒಂದೇ ಮನೆಯವರಾಗಿರಕೂಡದು. ಅಣ್ಣತಮ್ಮಂದಿರು ಇಬ್ಬರು ನಮ್ಮಲ್ಲಿದ್ದರು, ಅವರಿಗೆ ಸ್ವಲ್ಪ ಬೇಜಾರಾಯಿತು. ಸಂಘ ಮುಚ್ಚಿದರೆ ಉಳಿದ ಹಣ, ಸಾಮಾನು ಯಾರಿಗೆ? 'ಶುಭ ಕಾರ್ಯದಲ್ಲಿ ಇದೆಂಥ ಅಪಶಕುನದ ಮಾತು' ಎಂದು ಹಿರಿಯರೊಬ್ಬರು ಸಿಟ್ಟಾದರು. ಆದರೆ ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಘಕ್ಕೆ ಹೋಗಬೇಕು ಎಂದು ಬರೆದೇ ಬರೆದೆವು. ಲಾಭಕ್ಕಲ್ಲದ ಸಂಸ್ಥೆ ಎಂದರೆ ನಷ್ಟದ ಸಂಸ್ಥೆ ಎಂದಲ್ಲ, ಉಚಿತವಾಗಿ ದುಡಿಯುವವರ ಸಂಸ್ಥೆ ಎಂದೂ ಅಲ್ಲ. ಕೈಯಲ್ಲಿ ಹಣ ಉಳಿಯಬಹುದು, ಕೆಲಸದವರಿಗೆ ಸಂಬಳ ಕೊಡಬಹುದು. ಉಳಿದದ್ದನ್ನು ಸದಸ್ಯರು ಮನೆಗೆ ಒಯ್ಯುವಂತಿಲ್ಲ, ಅಷ್ಟೇ ವ್ಯತ್ಯಾಸ.

ನೋಂದಣಿ ಎಂಬುದು ಮದುವೆಯಂತೆ, ಆ ದಿನ ಸುಲಭ. ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿಯನ್ನು ಕಚೇರಿಗೆ ಸಲ್ಲಿಸುವುದು, ಸಂಘದ ಹೆಸರಿಗೇ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ. ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗಬೇಕೆಂದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇರೆ. ನಾವು ಇನ್ನೂ ಅಷ್ಟು ದೂರ ಹೋಗಿಲ್ಲ. ನಮಗೆ ನೂರು, ಇನ್ನೂರು ಕೊಡುವವರು ತೆರಿಗೆ ಕಟ್ಟುವಷ್ಟು ಸಂಪಾದಿಸುವವರಲ್ಲ.

ವಿದೇಶದಿಂದ ಹಣ ತರಿಸೋಣ ಎಂದು ಯುವಕರು ಉತ್ಸಾಹ ತೋರುತ್ತಾರೆ. ನಿಧಾನ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಅನುಮತಿಯಿಲ್ಲದೆ ಒಂದು ಡಾಲರನ್ನೂ ಸಂಘ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಮೆರಿಕದಲ್ಲಿರುವ ನಮ್ಮೂರ ಹುಡುಗ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ ಅವನ ದುಡಿಮೆಯ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿಯ ಪೌರನಾಗಿದ್ದರೆ ಆಗುತ್ತದೆ. ಹುಡುಗ ಅವನೇ, ಪ್ರೀತಿ ಅದೇ, ಕಾನೂನು ಬೇರೆ.

ನಮ್ಮ ಜಿಲ್ಲೆಯಲ್ಲಿ ಸೇವಾಸಂಸ್ಥೆ ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಆರ್.ಡಿ.ಟಿ. ಸ್ಪೇನಿನ ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ ಅವರು 1952ರಲ್ಲಿ ಜೆಸ್ಯೂಟ್ ಪಂಥದವರಾಗಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡದಲ್ಲಿ ರೈತರೊಡನೆ ಕೆಲಸ ಮಾಡಿದರು. 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷವೇ ಹಿಂದಿರುಗಿ ಅನಂತಪುರಕ್ಕೆ ಬಂದರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಂದರೆ ಪುಣ್ಯ ಎನ್ನುವ ಈ ಬರದ ಸೀಮೆಗೆ. 1969ರಲ್ಲಿ ಆರಂಭವಾದ ಆ ಸಂಸ್ಥೆ ಬಾವಿ, ಮನೆ, ಶಾಲೆ ಎನ್ನುತ್ತ ಬೆಳೆದು ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ನಡೆಸುವ ಮಟ್ಟಕ್ಕೆ ಹೋಯಿತು. ಕಣೇಕಲ್ಲು ರಾಯದುರ್ಗದ ಮಗ್ಗುಲಿನದು, ನಮ್ಮವರು ಅನೇಕರು ಅಲ್ಲಿಗೆ ಹೋಗಿ ಬಂದವರೇ. ಫೆರರ್ 2009ರ ಜೂನ್ 19ರಂದು ತೀರಿಕೊಂಡರು. ಅವರ ಸಮಾಧಿ ಬತ್ತಲಪಲ್ಲಿಯಲ್ಲಿದೆ.

ಆ ಸಂಸ್ಥೆಯ ದೊಡ್ಡತನವನ್ನು ನೋಡಿ ನಾವು ಕಲಿಯುವುದು ಹೆಚ್ಚಿಲ್ಲ, ಅಷ್ಟು ದೊಡ್ಡದನ್ನು ನಾವು ಕಟ್ಟುವವರಲ್ಲ. ಕಲಿಯಬೇಕಾದದ್ದು ಬೇರೆ ಇದೆ. ಸ್ಪೇನಿನ ಸಾವಿರಾರು ಮನೆಗಳವರು ಸಣ್ಣ ಸಣ್ಣ ಮೊತ್ತವನ್ನು ತಪ್ಪದೆ ಕಳಿಸಿ ಅದನ್ನು ನಡೆಸಿದರು. ಒಬ್ಬ ಕುಬೇರನ ದುಡ್ಡಲ್ಲ. ಆಮೇಲಾಮೇಲೆ ಇಲ್ಲಿಯ ಹಳ್ಳಿಗಳ ಮನೆಗಳಲ್ಲೂ ಹುಂಡಿ ಇಟ್ಟು, ತಾವು ಪಡೆದದ್ದರಲ್ಲಿ ಒಂದಿಷ್ಟನ್ನು ಬೇರೆಯವರಿಗೆ ಕೊಡುವ ಪದ್ಧತಿ ಬಂತು. ಆದರೂ ಹೊರಗಿನ ಹಣದ ಮೇಲೆ ನಿಂತದ್ದು ಯಾವಾಗಲೂ ಒಂದು ಕಾಗದದ ಮೇಲೆ ನಿಂತಂತೆ. 2025ರಲ್ಲಿ ಅದರ ವಿದೇಶಿ ದೇಣಿಗೆ ಪರವಾನಗಿಯ ನವೀಕರಣಕ್ಕೆ ತಡೆ ಬಂದಾಗ ಅನಂತಪುರ ಸೀಮೆಯ ಜನ ಬೀದಿಗಿಳಿದು ಮೆರವಣಿಗೆ ಮಾಡಿದರು. ಪರವಾನಗಿಯ ಸರಿತಪ್ಪು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಒಂದು ಸಂಸ್ಥೆಗಾಗಿ ಕೂಲಿ ಬಿಟ್ಟು ಬಿಸಿಲಲ್ಲಿ ನಡೆಯುವ ಜನ ಇದ್ದಾರಲ್ಲ, ಅದು ಒಂದು ದಿನದಲ್ಲಿ ಗಳಿಸಿದ ಆಸ್ತಿಯಲ್ಲ ಎಂಬುದಷ್ಟೇ ನಮ್ಮ ಮಾತು.

ಕಟ್ಟಡದ ವ್ಯಾಮೋಹದ ಬಗ್ಗೆಯೂ ಹೇಳಬೇಕು. ಸಂಘ ಹುಟ್ಟಿದ ಮರುದಿನವೇ ನಿವೇಶನ, ಭವನ, ಅಡಿಗಲ್ಲು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡು ನಮ್ಮ ಅಗಳಿಗಿಂತ ದೊಡ್ಡ ಊರೇನಲ್ಲ. ಅಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಕೆ.ವಿ. ಸುಬ್ಬಣ್ಣನವರಿಗೆ ಆಗ ಹದಿನೇಳರ ಆಸುಪಾಸು. ಅವರು ಊರವರೊಡನೆ ನಾಟಕ ಆಡುತ್ತ, ಓದುತ್ತ, ಚರ್ಚಿಸುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1970ರ ದಶಕದ ಆರಂಭದಲ್ಲಿ, ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ತಿರುಗಾಟ 1985ರಲ್ಲಿ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮೊದಲು ಕೆಲಸ, ಆಮೇಲೆ ಗೋಡೆ. ನಮ್ಮಲ್ಲಿ ಗೋಡೆ ಎದ್ದು, ಅದಕ್ಕೆ ಸುಣ್ಣ ಹೊಡೆಸುವುದೇ ಸಂಘದ ಏಕೈಕ ಚಟುವಟಿಕೆಯಾದ ಉದಾಹರಣೆಗಳು ಬೇಕಾದಷ್ಟಿವೆ. ಊರ ಹೆಸರು ಹೇಳುವುದು ಬೇಡ.

ಕನ್ನಡದ ಕೆಲಸಕ್ಕೆಂದೇ ಕಟ್ಟಿದ ಹಿರಿಯ ಸಂಘ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ. ರಾ.ಹ. ದೇಶಪಾಂಡೆಯವರು 1890ರಲ್ಲಿ ಅದನ್ನು ಸ್ಥಾಪಿಸಿದಾಗ ಧಾರವಾಡದಲ್ಲಿ ಕನ್ನಡದ ಸ್ಥಿತಿ ಇಂದಿನ ನಮ್ಮ ಸ್ಥಿತಿಗಿಂತ ಮೇಲೇನೂ ಇರಲಿಲ್ಲ. ಓದಿದವರ ನಡುವೆ ಮರಾಠಿಯದೇ ಮೆರೆದಾಟ. ಸಂಘ ಏನು ಮಾಡಿತು? ಕನ್ನಡದಲ್ಲಿ ಪುಸ್ತಕ ಬರೆಯಿಸಿತು, ಬರೆದವರಿಗೆ ಬಹುಮಾನ ಕೊಟ್ಟಿತು, 'ವಾಗ್ಭೂಷಣ'ವೆಂಬ ಪತ್ರಿಕೆ ಹೊರಡಿಸಿತು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಆರಂಭಿಸಿದವರನ್ನು ಸಪ್ತರ್ಷಿಗಳೆಂದು ಕರೆಯುತ್ತಾರೆ. ಅವರು ಏಳು ಮಂದಿ. ಕಾಯಿದೆ ಕೇಳುವುದೂ ಏಳೇ ಮಂದಿಯನ್ನು.

ಸರ್ಕಾರದ ಅನುದಾನ ಬೇಡವೇ ಎಂದು ಕೇಳಿದರೆ, ಬೇಕು. ಗಡಿಯಾಚೆಯ ಕನ್ನಡ ಶಾಲೆ, ಸಂಸ್ಥೆಗಳಿಗೆ ನೆರವಾಗಲು ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. 2010ರ ಕಾಯಿದೆಯಿಂದ ಆದದ್ದು. ಅಂಥ ಕಡೆ ಅರ್ಜಿ ಹಾಕಲು ನೋಂದಣಿ, ಪರಿಶೋಧಿತ ಲೆಕ್ಕ ಇರಬೇಕು. ಆದರೆ ಮೊದಲ ಹಣ ಊರಿನದೇ ಆಗಿರಬೇಕೆಂದು ನಾವು ಹಟ ಹಿಡಿದೆವು. ಸದಸ್ಯನೊಬ್ಬನಿಗೆ ತಿಂಗಳಿಗೆ 50 ರೂಪಾಯಿ. ಊರಿನ ಹಣಕ್ಕೆ ಕಣ್ಣಿದೆ. ಅನುದಾನ ಖರ್ಚಾದರೆ ಯಾರೂ ಕೇಳುವುದಿಲ್ಲ. ಅಂಗಡಿ ಶೆಟ್ಟರು ಕೊಟ್ಟ ನೂರು ರೂಪಾಯಿ ಏನಾಯಿತೆಂದು ಅವರು ಮುಂದಿನ ವರ್ಷ ಸಕ್ಕರೆ ಕಟ್ಟುತ್ತಲೇ ಕೇಳುತ್ತಾರೆ.

ಗಂಡಸರಿಗೆ ಒಂದು ಮಾತು, ಕೋಪ ಮಾಡಿಕೊಳ್ಳಬಾರದು. ಸಂಘ ನಡೆಸುವುದು ಹೇಗೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ಮನೆಯ ಅಡುಗೆಮನೆಗೆ ಹೋದರೆ ಸಾಕು. ನಿಮ್ಮ ತಾಯಿ, ಅಕ್ಕ, ಅತ್ತಿಗೆ ಡ್ವಾಕ್ರಾ ಸಂಘದಲ್ಲಿದ್ದಾರಲ್ಲವೇ? ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೇಳಿದ ದಿನಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಇವೇ ಅವರ ಪಂಚಸೂತ್ರಗಳು. ಓದು ಬರಹ ಬಾರದ ಹೆಂಗಸರು ಸಹ ಯಾರ ಕಂತು ಎಷ್ಟು ಬಾಕಿ ಎಂದು ಬಾಯಲ್ಲೇ ಹೇಳುತ್ತಾರೆ. ನಾವು ಎರಡನೆಯ ಸಲ ಕಟ್ಟಿದಾಗ ನಗದು ಪುಸ್ತಕ ಬರೆಯುವುದನ್ನು ಕಲಿಸಿದವರು ಅಂಥ ಒಂದು ಸಂಘದ ಲೆಕ್ಕ ನೋಡುವ ಅಕ್ಕನೊಬ್ಬರು. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಸಂಜೆ ಎರಡನ್ನೂ ಕಳೆದು ಡಬ್ಬಿಯ ದುಡ್ಡನ್ನು ಎಣಿಸುವುದು. 'ಸಭೆಗೆ ಬಾರದಿದ್ದರೆ ದಂಡ ಹಾಕ್ರಪ್ಪ, ಆಗ ಬರ್ತೀರ' ಎಂದು ಅವರೇ ಹೇಳಿಕೊಟ್ಟರು. ಐದು ರೂಪಾಯಿ ದಂಡ. ಮೊದಲ ವರ್ಷ ನಮ್ಮ ಅಧ್ಯಕ್ಷರೇ ಎಲ್ಲರಿಗಿಂತ ಹೆಚ್ಚು ದಂಡ ಕಟ್ಟಿದರು. ಈಗ ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಮೂವರು ತಾಯಂದಿರಿದ್ದಾರೆ. ಅವರು ಬಂದ ಮೇಲೆ ಚಹಾದ ಖರ್ಚು ಅರ್ಧವಾಗಿದೆ.

ನಮ್ಮ ಸಂಘವೇನೂ ಮಾದರಿಯಲ್ಲ. ಕಳೆದ ವರ್ಷ ಪಠ್ಯಪುಸ್ತಕ ಕೂಡಿಸಲು ತಡಮಾಡಿ ಒಂಬತ್ತನೆಯ ತರಗತಿಯ ಗಣಿತ ಪುಸ್ತಕಗಳು ಸಾಲದೇ ಹೋದವು. ಅರ್ಜಿ ತುಂಬುವಾಗ ಒಬ್ಬ ಹುಡುಗನ ಜನ್ಮದಿನಾಂಕ ತಪ್ಪಾಗಿ ಬರೆದು, ಅದನ್ನು ತಿದ್ದಿಸಲು ಮೂರು ಸಲ ಅಲೆದೆವು. ಬಸ್ ಚಾರ್ಜು ತಪ್ಪು ಮಾಡಿದವರ ಜೇಬಿನಿಂದಲೇ ಹೋಯಿತು, ಸಂಘದಿಂದಲ್ಲ. ಅದೂ ಪುಸ್ತಕದಲ್ಲಿ ಬರೆದಿದೆ. ಹೈಸ್ಕೂಲು ಮುಗಿಸಿ ಬೆಂಗಳೂರು ಸೇರಿದವರು ವಾಟ್ಸಾಪಿನಲ್ಲಿ ಸಲಹೆ ಕೊಡುತ್ತಾರೆ, ಊರಿಗೆ ಬಂದಾಗ ಕೈಗೆ ಸಿಗುವುದಿಲ್ಲ. ಇಂಥವೆಲ್ಲ ಇದ್ದೇ ಇರುತ್ತವೆ.

ಮೊದಲ ವಾಚನಾಲಯದ ಆ ಗೆಳೆಯನ ಮನೆಗೆ ನಾವು ನಾಲ್ವರು ಹೋಗಿದ್ದೆವು, ನೋಂದಣಿಯಾದ ವಾರ. ಬಹಳ ಹೊತ್ತು ಮಳೆ, ಬೋರ್‌ವೆಲ್ಲು, ಅಡಿಕೆ ಗಿಡ ಎಂದು ಮಾತಾಡಿದೆವು. ತಪ್ಪಾಯಿತು ಎಂಬ ಮಾತನ್ನು ಕೊನೆಗೆ ಹೇಳಿದ್ದು ಅವನ ತಾಯಿಗೆ. ಅವರು ಏನೂ ಅನ್ನಲಿಲ್ಲ, ಮಜ್ಜಿಗೆ ಕೊಟ್ಟರು. ಅವನು ಸದಸ್ಯನಾಗಲಿಲ್ಲ. ಆದರೆ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುವ ದಿನ ಬಂದು ಕುಳಿತು, ಗೋಂದು ತಾನೇ ತಂದಿದ್ದ. ಅದರ ಬೆಲೆ ಕೊಡಲು ಹೋದರೆ, ರಸೀದಿ ಬರೆಯಿರಿ ಎಂದ. ಬರೆದೆವು.

ಈ ವರ್ಷದ ಸರ್ವಸದಸ್ಯರ ಸಭೆ ಶಾಲೆ ತೆರೆದ ಮೇಲೆ ಬರುವ ಎರಡನೆಯ ಭಾನುವಾರ ಬೆಳಗ್ಗೆ ಹತ್ತಕ್ಕೆ, ಶಾಲೆಯ ಜಗಲಿಯ ಮೇಲೆ. ಲೆಕ್ಕದ ಪುಸ್ತಕ ಮೇಜಿನ ಮೇಲಿರುತ್ತದೆ; ಸದಸ್ಯರಲ್ಲದವರೂ ತಿರುವಿ ನೋಡಬಹುದು. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಬರುವಾಗ ಪಠ್ಯಪುಸ್ತಕಗಳನ್ನು ತರಬೇಕು, ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ.